ಹಣ್ಣೆಲೆಯ ಊರಿನಲ್ಲಿ ಐದು ತಿಂಗಳು

ಅಮೆರಿಕಾಕ್ಕೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಏನೇನು ನೋಡಿದ್ರಿ?” ನಯಾಗರಾ ನೋಡಿದ್ರಾ, ನ್ಯೂಯಾರ್ಕ್ ನೋಡಿದ್ರಾ ಎಂದು ಪಟ್ಟಿಯನ್ನೂ ಅವರೇ ಹಾಕಿಬಿಡುತ್ತಾರೆ. “ಅದೊಂದೂ ನೋಡಲಿಲ್ಲ, ಎಲೆ ನೋಡಿ ಬಂದೆ” ಎಂದರೆ ನನ್ನ ಮುಖವನ್ನೇ ನೋಡುತ್ತಾರೆ. ಮಗಳ ಬಾಣಂತನಕ್ಕೆಂದು ಹೋದವಳಿಗೆ ಊರು ಸುತ್ತುವ ಪುರುಸೊತ್ತಾದರೂ ಎಲ್ಲಿ ಬರಬೇಕು? ಎಲೆ ನೋಡುವುದಕ್ಕಾದರೆ ಟಿಕೆಟ್ಟು ಬೇಡ, ಸರತಿ ಸಾಲು ಬೇಡ. ಅಡಿಗೆಮನೆಯ ಕಿಟಕಿ ಸಾಕು.

ಸೋದರಿಯರೇ, ನಿಮ್ಮಲ್ಲೂ ಎಷ್ಟೋ ಜನ ಹೀಗೆ ಮಗಳ ಮನೆಗೋ ಸೊಸೆಯ ಮನೆಗೋ ಮೆಣಸು, ಜೀರಿಗೆ, ಅಂಟಿನುಂಡೆ ಕಟ್ಟಿಕೊಂಡು ಹೋಗಿ ಬಂದಿರುತ್ತೀರಿ. ನಾನು ಹೋದದ್ದು 2024ರ ಆಗಸ್ಟ್ ಕೊನೆಗೆ. ಮಗಳಿರುವುದು ಮ್ಯಾಸಚೂಸೆಟ್ಸ್ ಎಂಬ ರಾಜ್ಯದಲ್ಲಿ, ಬಾಸ್ಟನ್ ನಗರದ ಪಶ್ಚಿಮಕ್ಕೆ ಒಂದು ಸಣ್ಣ ಊರು. ಸೆಪ್ಟೆಂಬರ್ 2ರಂದು ಮೊಮ್ಮಗಳು ಹುಟ್ಟಿದಳು. ಎರಡು ವಾರ ಹಗಲು ಯಾವುದು, ರಾತ್ರಿ ಯಾವುದು ಎಂದೇ ತಿಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬೆಳ್ಳುಳ್ಳಿ ಬಿಡಿಸುತ್ತಾ ಕಿಟಕಿಯಾಚೆ ನೋಡಿದರೆ, ಎದುರಿನ ಮರದ ಒಂದೇ ಒಂದು ಕೊಂಬೆ ಕುಂಕುಮ ಎರಚಿದ ಹಾಗೆ ಕೆಂಪಾಗಿದೆ! ಉಳಿದ ಮರವೆಲ್ಲ ಹಸಿರು. ಮೇಪಲ್ ಮರ ಅದು.

ಆ ದಿನ ನಮ್ಮ ಅತ್ತೆಯವರಿಗೆ ಫೋನಿನಲ್ಲಿ ಮರ ತೋರಿಸಿದೆ. ಅವರಿಗೆ ಆಗ ಎಂಬತ್ತಾರು ವರ್ಷ. ತಿಪಟೂರಿನ ಪಕ್ಕದ ಹಳ್ಳಿಯಲ್ಲಿ ತೆಂಗಿನ ತೋಟದ ನಡುವೆ ಹುಟ್ಟಿ, ತೆಂಗಿನ ತೋಟದ ನಡುವೆಯೇ ಮುದುಕಿಯಾದವರು. ಕಣ್ಣು ಕಿರಿದು ಮಾಡಿ ನೋಡಿ, “ಏನೇ ಅದು, ಮರಕ್ಕೆ ರೋಗ ಬಂದಿದೆಯಲ್ಲೇ! ಔಷಧಿ ಹೊಡೆಸಬಾರದಾ?” ಅಂದರು. ಅವರು ಹೇಳಿದ್ದರಲ್ಲಿ ನ್ಯಾಯವಿದೆ. ತೆಂಗಿನ ಗರಿ ಹೊತ್ತಲ್ಲದ ಹೊತ್ತಿನಲ್ಲಿ ಹಳದಿಯಾದರೆ ಬೇರಿಗೆ ಏನೋ ಆಗಿದೆ ಎಂದು ಎದೆ ನಡುಗುವ ಸೀಮೆ ನಮ್ಮದು. ಅಲ್ಲಿಯ ಜನ ಬಣ್ಣ ತಿರುಗಿದ ಎಲೆ ನೋಡಲು ನೂರಾರು ಮೈಲಿ ಕಾರು ಓಡಿಸಿಕೊಂಡು ಹೋಗುತ್ತಾರೆ, ಹೋಟೆಲುಗಳು ತಿಂಗಳ ಮೊದಲೇ ತುಂಬಿಹೋಗುತ್ತವೆ ಎಂದು ಹೇಳಿದರೆ, “ಮಾಡೋಕೆ ಕೆಲಸ ಇಲ್ವೇನೋ ಪಾಪ” ಎಂದು ಫೋನು ಕೆಳಗಿಟ್ಟರು.

ಅದೇಕೆ ಬಣ್ಣ ಬರುತ್ತದೆ ಎಂದು ನನಗೆ ಬಿಡಿಸಿ ಹೇಳಿದವರು ಎದುರು ಮನೆಯ ಅಜ್ಜಿ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆಕೆಯ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಮಗಳು ಹೇಳುತ್ತಿದ್ದಳು. ನಾನು ಅದನ್ನೆಲ್ಲ ನನ್ನ ಅಡಿಗೆಮನೆಯ ಭಾಷೆಗೆ ತಿರುಗಿಸಿಕೊಂಡೆ. ಕೊತ್ತಂಬರಿ ಕಟ್ಟು ತಂದು ಮೂಲೆಯಲ್ಲಿ ಮರೆತರೆ ಮೂರು ದಿನಕ್ಕೆ ಹಳದಿಯಾಗುವುದಿಲ್ಲವೇ? ಆ ಹಳದಿಯನ್ನು ಹೊರಗಿನಿಂದ ಬಂದು ಯಾರೂ ಬಳಿಯುವುದಿಲ್ಲ. ಮೊದಲಿನಿಂದಲೂ ಎಲೆಯೊಳಗೆ ಇದ್ದದ್ದೇ. ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ ಪತ್ರಹರಿತ್ತು, ಅಂದರೆ ಹಸಿರು ಬಣ್ಣ, ಅದನ್ನು ಮುಚ್ಚಿಕೊಂಡಿರುತ್ತದೆ. ಹಸಿರು ಕರಗಿದರೆ ಅಡಿಯ ಹಳದಿ ಹೊರಗೆ ಬಂತು. ಕ್ಯಾರೆಟ್ಟಿಗೆ, ಮೆಕ್ಕೆಜೋಳಕ್ಕೆ ಬಣ್ಣ ಕೊಡುವ ಕೆರೊಟಿನಾಯ್ಡ್ ಎನ್ನುವುದು ಅದೇ.

ಕೆಂಪಿನ ಕಥೆ ಬೇರೆ. ಅದು ಎಲೆಯಲ್ಲಿ ಮೊದಲು ಇರುವುದೇ ಇಲ್ಲ. ಮರ ಕೊನೆಗಾಲದಲ್ಲಿ ಎಲೆಯೊಳಗೆ ಉಳಿದ ಸಕ್ಕರೆಯಿಂದ ಹೊಸದಾಗಿ ಮಾಡುತ್ತದೆ. ನೇರಳೆ ಹಣ್ಣು ತಿಂದು ಮಕ್ಕಳು ನಾಲಿಗೆ ತೋರಿಸುತ್ತವಲ್ಲ, ಆ ಜಾತಿಯ ಬಣ್ಣ. ಆಂಥೊಸಯನಿನ್ ಎಂದು ಅದರ ಹೆಸರು. ಹಗಲು ಚೆನ್ನಾಗಿ ಬಿಸಿಲಿದ್ದು ರಾತ್ರಿ ಮಂಜುಗಟ್ಟದಷ್ಟು ಚಳಿಯಿದ್ದರೆ ಕೆಂಪು ಚೆನ್ನಾಗಿ ಕೂಡುತ್ತದೆ. ಮೋಡ ಕವಿದಿದ್ದರೆ, ಸೆಕೆ ಹಾಗೇ ಮುಂದುವರಿದರೆ ಆ ವರ್ಷ ಬಣ್ಣ ಸಪ್ಪೆ. ನಾವು ಹಪ್ಪಳಕ್ಕೆ ಬಿಸಿಲು ನೋಡುವ ಹಾಗೆ ಅಲ್ಲಿಯವರು ಎಲೆಗೆ ಹವೆ ನೋಡುತ್ತಾರೆ!

ಮರ ಎಲೆಯನ್ನು ಸುಮ್ಮನೆ ಉದುರಿಸಿಬಿಡುವುದೂ ಇಲ್ಲ. ಹಗಲು ಗಿಡ್ಡವಾಗುತ್ತಾ ಬಂದಾಗಲೇ ಚಳಿಗಾಲ ಹತ್ತಿರ ಬಂತೆಂದು ಅದಕ್ಕೆ ಗೊತ್ತು. ನೆಲ ಹೆಪ್ಪುಗಟ್ಟಿದರೆ ಬೇರಿಗೆ ನೀರು ಸಿಕ್ಕುವುದಿಲ್ಲ, ಅಷ್ಟು ಎಲೆಗಳನ್ನು ಸಾಕುವುದಾದರೂ ಹೇಗೆ? ಅದಕ್ಕೇ ಮೊದಲು ಎಲೆಯಲ್ಲಿರುವ ಸಾರವನ್ನು ಎಷ್ಟಾದರೆ ಅಷ್ಟು ಕೊಂಬೆಗೆ, ಬೇರಿಗೆ ವಾಪಸು ಎಳೆದುಕೊಳ್ಳುತ್ತದೆ. ಮದುವೆ ಮುಗಿದ ಮೇಲೆ ಪಾತ್ರೆ ಪರಡಿ, ಮಿಕ್ಕ ಅಕ್ಕಿ ಬೇಳೆ ಎಲ್ಲ ಲೆಕ್ಕ ಹಾಕಿ ಉಗ್ರಾಣಕ್ಕೆ ಸೇರಿಸುತ್ತೇವಲ್ಲ, ಹಾಗೆ. ಆಮೇಲೆ ತೊಟ್ಟಿನ ಬುಡಕ್ಕೆ ಒಂದು ಪದರ ಕಟ್ಟಿ ಕಳಿಸಿಕೊಡುತ್ತದೆ. ಇದಕ್ಕೆ ನಮ್ಮ ಕನ್ನಡದಲ್ಲಿ ಎಂಥ ಚಂದದ ಮಾತಿದೆ ನೋಡಿ! ಎಲೆ ಒಣಗಿತು, ಸತ್ತಿತು ಎನ್ನುವುದಿಲ್ಲ ನಾವು. ಹಣ್ಣಾಯಿತು ಅನ್ನುತ್ತೇವೆ. ಹಣ್ಣೆಲೆ!

ಬಣ್ಣ ಊರಿಂದ ಊರಿಗೆ ಬದಲಾಗುತ್ತದೆ ಎನ್ನುವುದು ನನಗೆ ಅರಿವಾದದ್ದು ಅಕ್ಟೋಬರ್ 13ರಂದು. ಆಗತಾನೇ ವಿಜಯದಶಮಿ ಮುಗಿದಿತ್ತು. ಮಗುವಿಗೆ ನಲವತ್ತು ದಿನ ಕಳೆದಿತ್ತು. ಅಳಿಯನಿಗೆ ಸೋಮವಾರವೂ ರಜೆ. “ಅಮ್ಮ ಮನೆಯಲ್ಲೇ ಕೂತು ಬೇಜಾರಾಗಿದ್ದಾರೆ” ಎಂದು ಎಲ್ಲರೂ ಉತ್ತರಕ್ಕೆ ಹೊರಟೆವು. ನ್ಯೂ ಹ್ಯಾಂಪ್‌ಷೈರ್ ಎಂಬ ರಾಜ್ಯದ ವೈಟ್ ಮೌಂಟನ್ಸ್ ಬೆಟ್ಟಸಾಲು ಬಾಸ್ಟನ್ನಿನಿಂದ ಸುಮಾರು 200 ಕಿಲೋಮೀಟರ್. ಮನೆಯ ಬೀದಿಯಲ್ಲಿ ಇನ್ನೂ ಮುಕ್ಕಾಲು ಹಸಿರು. ಒಂದು ಗಂಟೆ ಹೋದ ಮೇಲೆ ಅರ್ಧ ಹಳದಿ. ಎರಡು ಗಂಟೆ ಹೋಗುವಷ್ಟರಲ್ಲಿ ಬೆಟ್ಟಕ್ಕೆ ಬೆಟ್ಟವೇ ಕೆಂಪು, ಕಿತ್ತಲೆ, ಹೊಂಬಣ್ಣ. ಒಂದೇ ದಿನದಲ್ಲಿ ಮೂರು ವಾರ ಮುಂದಕ್ಕೆ ಹೋದ ಹಾಗಿತ್ತು. ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ತುದಿಯಿಂದ ತಪ್ಪಲಿಗೆ ಮೆಲ್ಲಗೆ ನಡೆದುಕೊಂಡು ಬರುತ್ತದೆ. ಮಗಳ ಬೀದಿಗೆ ಅದು ಬಂದು ತಲುಪಿದ್ದು ಅಕ್ಟೋಬರ್ ಕೊನೆಗೆ, ನಾವು ನರಕ ಚತುರ್ದಶಿಯ ಎಣ್ಣೆನೀರು ಹಾಕಿಕೊಳ್ಳುವ ಹೊತ್ತಿಗೆ.

ಅಲ್ಲಿ ಬೆಟ್ಟದ ನಡುವೆ ಕಾಂಕಮಾಗಸ್ ಎಂಬ ಹೆಸರಿನ ರಸ್ತೆಯಿದೆ, ಸುಮಾರು 55 ಕಿಲೋಮೀಟರ್ ಉದ್ದ. ಒಂದು ಅಂಗಡಿಯಿಲ್ಲ, ಮನೆಯಿಲ್ಲ, ಬರೀ ಕಾಡು. ಸಕ್ಕರೆ ಮೇಪಲ್ ಮರ ಕಿತ್ತಲೆ ಕೆಂಪು. ಕೆಂಪು ಮೇಪಲ್ ಅಪ್ಪಟ ಕುಂಕುಮ. ಬರ್ಚ್ ಮರ ಅರಿಸಿನ. ಓಕ್ ಮರ ಎಲ್ಲರದೂ ಆದ ಮೇಲೆ ನಿಧಾನವಾಗಿ ಕಾಚಿನ ಬಣ್ಣಕ್ಕೆ ತಿರುಗುತ್ತದೆ. ಸಕ್ಕರೆ ಮೇಪಲ್ ಎಂದರೆ ಪಾಕ ಕೊಡುವ ಮರವೇ. ಚಳಿಗಾಲದ ಕೊನೆಗೆ ಕಾಂಡಕ್ಕೆ ತೂತು ಕೊರೆದು ಬರುವ ನೀರಿನಂಥ ರಸವನ್ನು ಕುದಿಸಿ ಕುದಿಸಿ, 40 ಪಾಲು ಬತ್ತಿಸಿ 1 ಪಾಲು ಮಾಡುತ್ತಾರಂತೆ. ನಮ್ಮ ಆಲೆಮನೆಯ ನೆನಪಾಯಿತು. ದೋಸೆಗೆ ಹಾಕಿಕೊಂಡು ತಿಂದೆ. ಚೆನ್ನಾಗಿಯೇ ಇತ್ತು, ಆದರೆ ಜೋನಿಬೆಲ್ಲದ ಗತ್ತಿಲ್ಲ.

ಆ ರಸ್ತೆಯಲ್ಲಿ ಒಂದು ಕಡೆ ಕಾರು ನಿಲ್ಲಿಸಿ, ಮಗುವಿಗೆ ಹಾಲು ಕೊಡುತ್ತಾ ಮಗಳು ಹೇಳಿದಳು: “ಅಮ್ಮಾ, ನಾವು ಇಲ್ಲೇ ಮನೆ ತಗೊಳ್ಳೋಣ ಅಂತಿದ್ದೀವಿ. ವಾಪಸು ಬರೋದು... ಸದ್ಯಕ್ಕಿಲ್ಲ ಕಣಮ್ಮ.”

ಐದು ವರ್ಷಕ್ಕೆ ಬರುತ್ತೇವೆ ಎಂದು ಹೇಳಿ ಹೋದ ಮಕ್ಕಳು. ನಮ್ಮ ಮನೆಯ ಹಿಂದಿನ ಸೈಟನ್ನು ಮಾರಬೇಡಿ ಎಂದು ಯಜಮಾನರ ಹತ್ತಿರ ನಾನೇ ಹಟ ಹಿಡಿದು ಉಳಿಸಿದ್ದೆ. ಏನು ಹೇಳಲಿ? “ಒಳ್ಳೇದೇ ಕಣೇ, ಬಾಡಿಗೆ ಕಟ್ಟೋದು ತಪ್ಪುತ್ತೆ” ಅಂದೆ. ಆಮೇಲೆ ಒಂದು ಗಂಟೆ ಹೊತ್ತು ಎಲೆ ನೋಡಿದೆ. ಅಷ್ಟು ಎಲೆ ಇದ್ದದ್ದು ಅನುಕೂಲವೇ ಆಯಿತು.

ಊರಿಗೆ ಮರಳಿದ ಮೇಲೆ ಅವರ ಬೀದಿಯ ಪಾರ್ಕಿನಲ್ಲಿ ನನಗೊಬ್ಬ ಗೆಳತಿ ಸಿಕ್ಕಿದರು. ಶ್ರೀನಗರದವರು. ಅವರೂ ನನ್ನ ಹಾಗೆ ಮಗಳ ಬಾಣಂತನಕ್ಕೆ ಬಂದವರೇ. ನನ್ನ ಹಿಂದಿ ನಿಮಗೆ ಗೊತ್ತಲ್ಲ, ಅರ್ಧ ಸಿನಿಮಾ, ಅರ್ಧ ಹೈಸ್ಕೂಲು. ಆದರೂ ತಾಯಂದಿರಿಬ್ಬರ ಮಾತಿಗೆ ಭಾಷೆ ಅಡ್ಡ ಬರಲಿಲ್ಲ. ಅವರ ಊರಿನಲ್ಲಿ ಚಿನಾರ್ ಮರ. ಕಾಶ್ಮೀರಿಯಲ್ಲಿ ಬೂನಿ ಅನ್ನುತ್ತಾರಂತೆ. ಅಂಗೈ ಬೆರಳು ಅಗಲಿಸಿದಂಥ ಎಲೆ. ನೂರಾರು ವರ್ಷ ಬಾಳುವ ದೈತ್ಯ ಮರ. ಹಜರತ್‌ಬಲ್ ಹತ್ತಿರದ ನಸೀಂ ಬಾಗ್‌ನಲ್ಲಿ ಮೊಗಲರ ಕಾಲದಲ್ಲಿ ನೆಟ್ಟ ಚಿನಾರ್ ತೋಪು ಇವತ್ತಿಗೂ ಇದೆ. ಈಗ ಅದು ಕಾಶ್ಮೀರ ವಿಶ್ವವಿದ್ಯಾಲಯದ ಆವರಣಕ್ಕೆ ಸೇರಿದೆ. ಅಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರಿನ ತನಕ ಚಿನಾರ್ ಮೊದಲು ಹಳದಿ, ಆಮೇಲೆ ಕಿತ್ತಲೆ, ಕೊನೆಗೆ ಕೆಂಡದ ಬಣ್ಣ. ಪಾಂಪೋರಿನ ಹೊಲಗಳಲ್ಲಿ ಕೇಸರಿ ಹೂವು ಬಿಡಿಸುವುದೂ ಅದೇ ಹೊತ್ತಿಗೆ. ಆ ಋತುವಿಗೆ ಅವರು ಹರುದ್ ಎನ್ನುತ್ತಾರೆ.

ಉದುರಿದ ಚಿನಾರ್ ಎಲೆಯನ್ನು ಹೆಂಗಸರು ಗುಡಿಸಿ ರಾಶಿ ಹಾಕಿ, ಸುಟ್ಟು, ನೀರು ಚಿಮುಕಿಸಿ ಇದ್ದಿಲು ಮಾಡಿಟ್ಟುಕೊಳ್ಳುತ್ತಾರೆ. ಚಳಿಗಾಲವಿಡೀ ಕಾಂಗಡಿಗೆ ತುಂಬಿ ಉಡುಪಿನೊಳಗೆ ಇಟ್ಟುಕೊಂಡು ಮೈ ಕಾಯಿಸಿಕೊಳ್ಳುವುದಕ್ಕೆ. ಇಲ್ಲಿ ಎದುರು ಮನೆಯ ಅಜ್ಜಿ ಎಲೆಯನ್ನು ಹಲ್ಲುಗೋಲಿನಿಂದ ಎಳೆದು ಕಾಗದದ ಚೀಲಕ್ಕೆ ತುಂಬಿ ಬೀದಿಯಂಚಿಗೆ ಇಡುತ್ತಿದ್ದರು, ಊರಿನ ಗಾಡಿ ಬಂದು ಒಯ್ಯುತ್ತಿತ್ತು. ಅದನ್ನು ನೋಡಿ ಶ್ರೀನಗರದ ಗೆಳತಿ, “ಇಷ್ಟೊಂದು ಬೆಂಕಿಯ ಬಣ್ಣ, ಯಾರ ಕಾಂಗಡಿಗೂ ಬರದ ಎಲೆ!” ಎಂದು ನಿಟ್ಟುಸಿರು ಬಿಟ್ಟರು. ಅವರ ಮಗಳೂ ಮನೆ ಕೊಂಡಾಗಿತ್ತು.

ಆಮೇಲೆ ನನಗೆ ಎಲೆಯ ಹುಚ್ಚೇ ಹಿಡಿಯಿತು ಅನ್ನಿ. ಮಗಳು ಲೈಬ್ರರಿಯಿಂದ ಚಿತ್ರಗಳ ಪುಸ್ತಕ ತಂದುಕೊಟ್ಟಳು. ಅದೇ ಅಮೆರಿಕಾದ ಪಶ್ಚಿಮಕ್ಕೆ, ಕೊಲರಾಡೋ ಬೆಟ್ಟಗಳಿಗೆ ಹೋದರೆ ಕೆಂಪು ಅಪರೂಪ. ಅಲ್ಲಿ ಆಸ್ಪೆನ್ ಮರದ ಹಳದಿಯೇ ಹಳದಿ. ಯುರೋಪಿನ ಕಾಡುಗಳಲ್ಲೂ ಹಳದಿಯೇ ಹೆಚ್ಚು. ಇದಕ್ಕೆ 2009ರಲ್ಲಿ ಇಬ್ಬರು ವಿಜ್ಞಾನಿಗಳು ಒಂದು ಕಾರಣ ಮುಂದಿಟ್ಟರು. ಕೆಂಪು ಬಣ್ಣ ಮರಕ್ಕೆ ಹುಳುಗಳ ವಿರುದ್ಧ ರಕ್ಷಣೆ ಎಂದು ಅವರ ವಾದ. ಅಮೆರಿಕಾದ ಬೆಟ್ಟಸಾಲುಗಳು ಉತ್ತರದಿಂದ ದಕ್ಷಿಣಕ್ಕೆ ಚಾಚಿವೆ. ಹಿಮಯುಗ ಬಂದಾಗ ಮರಗಳೂ ಅವುಗಳ ಹುಳುಗಳೂ ದಕ್ಷಿಣಕ್ಕೆ ಜರುಗಿ ಉಳಿದುಕೊಂಡವು. ಯುರೋಪಿನಲ್ಲಿ ಆಲ್ಪ್ಸ್ ಪರ್ವತ ಪೂರ್ವ ಪಶ್ಚಿಮಕ್ಕೆ ಗೋಡೆಯ ಹಾಗೆ ಅಡ್ಡ ನಿಂತಿತು; ಎಷ್ಟೋ ಮರಗಳು ತಮ್ಮ ಹುಳುಗಳ ಸಮೇತ ಅಲ್ಲೇ ಅಳಿದವು. ಉಳಿದವಕ್ಕೆ ಕೆಂಪಿನ ಅಗತ್ಯ ಬೀಳಲಿಲ್ಲ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ಇನ್ನು ಜಪಾನಿನಲ್ಲಿ ಸೆಪ್ಟೆಂಬರಿನಲ್ಲಿ ಉತ್ತರದ ಹೊಕ್ಕಾಯ್ಡೊ ಬೆಟ್ಟಗಳಲ್ಲಿ ಶುರುವಾದ ಬಣ್ಣ ಕ್ಯೋಟೊ ನಗರಕ್ಕೆ ಬರುವಾಗ ನವೆಂಬರ್ ಕೊನೆ. ಎಲೆ ನೋಡಲು ಹೋಗುವುದಕ್ಕೆ ಅವರು ಮೊಮಿಜಿಗಾರಿ ಅನ್ನುತ್ತಾರೆ. ಅಂದರೆ ಕೆಂಪೆಲೆಯ ಬೇಟೆ! ಫಿನ್‌ಲೆಂಡಿನ ಉತ್ತರಕ್ಕೆ ಹೋದರೆ ಎತ್ತರದ ಮರಗಳೇ ಕಡಿಮೆ. ಅಲ್ಲಿ ನೆಲಕ್ಕಂಟಿದ ಕುರುಚಲು ಗಿಡಗಳು ಕೆಂಪಾಗಿ ನೆಲವೇ ಕಂಬಳಿ ಹಾಸಿದ ಹಾಗಿರುತ್ತದೆ.

ಇದನ್ನೆಲ್ಲ ಅತ್ತೆಯವರಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದೆ. ನವೆಂಬರ್ ಮಧ್ಯಕ್ಕೆ ಕಿಟಕಿಯಾಚೆಯ ಮರ ಬೋಳಾಯಿತು. ಒಂದು ಎಲೆಯೂ ಇಲ್ಲ. ಅದನ್ನು ನೋಡಿ ಅವರು ಸುಮ್ಮನಾದರು. ಆಮೇಲೆ, “ಮತ್ತೆ ಚಿಗುರೋದು ಯಾವಾಗ?” ಅಂತ ಕೇಳಿದರು. ಏಪ್ರಿಲ್ ಕೊನೆ, ಇಲ್ಲ ಮೇ ಅಂದೆ.

“ಹಂಗಾರೆ ಆ ಊರಲ್ಲಿ ಹಣ್ಣೆಲೆ ಚಿಗುರೆಲೆ ಒಂದರ ಮುಖ ಒಂದು ನೋಡಲ್ಲ ಅನ್ನು.”

ನನಗೆ ಮಾತೇ ಹೊರಡಲಿಲ್ಲ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತೆ ಎಂದು ನಾವು ಚಿಕ್ಕಂದಿನಿಂದ ಕೇಳಿದ ಗಾದೆ. ಮುದುಕರನ್ನು ಆಡಿಕೊಳ್ಳುವ ಹುಡುಗರಿಗೆ ಹೇಳುವ ಬುದ್ಧಿಮಾತು. ಅದು ನಮ್ಮ ಸೀಮೆಯ ಮರ ನೋಡಿ ಹುಟ್ಟಿದ ಗಾದೆ! ನಮ್ಮಲ್ಲಿ ತೆಂಗಿನ ಮರದ ಕೆಳಗಿನ ಗರಿ ಒಣಗಿ ಬೀಳುವಾಗ ನೆತ್ತಿಯಲ್ಲಿ ಸುಳಿ ಬಂದಿರುತ್ತದೆ. ಮಾವಿನ ಮರದಲ್ಲಿ ಹಳೆ ಎಲೆ ಇರುವ ಹಾಗೇ ಹೊಸ ಎಲೆ ಹೊರಡುತ್ತದೆ. ಅಂಥಾ ಮರಗಳಲ್ಲಿ ಚಿಗುರು ನಗುವುದಕ್ಕಾದರೂ ಹಣ್ಣೆಲೆ ಪಕ್ಕದಲ್ಲಿರುತ್ತದೆ. ಅಲ್ಲಿ ನಗುವವರೂ ಇಲ್ಲ, ನಗಿಸಿಕೊಳ್ಳುವವರೂ ಇಲ್ಲ. ನಡುವೆ ಐದಾರು ತಿಂಗಳು ಬರೀ ಕೊಂಬೆ. ಅತ್ತೆಯವರು ಮರದ ಮಾತಾಡಲಿಲ್ಲ ಎಂದು ನಿಮಗೂ ಗೊತ್ತಾಯಿತಲ್ಲ? ಮರಿಮಗಳನ್ನು ಮಡಿಲಲ್ಲಿ ಹಾಕಿಕೊಳ್ಳುವ ಆಸೆ ಅವರಿಗೆ.

ಮಾರನೆಯ ದಿನ ಎದುರು ಮನೆಯ ಅಜ್ಜಿಗೆ ಈ ಗಾದೆಯನ್ನು ಮಗಳ ಕೈಲಿ ಹೇಳಿಸಿದೆ. ಆಕೆ ನಕ್ಕು, ನನ್ನನ್ನು ಮರದ ಹತ್ತಿರ ಕರೆದುಕೊಂಡು ಹೋಗಿ ಒಂದು ಕೊಂಬೆ ಬಗ್ಗಿಸಿ ತೋರಿಸಿದರು. ಎಲೆ ಬಿದ್ದ ಜಾಗದಲ್ಲಿ ಸಣ್ಣ ಗಾಯದ ಗುರುತು. ಅದರ ಮೇಲೆಯೇ ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪಗೆ, ಕೆಂಪಗೆ, ಗಟ್ಟಿ ಸಿಪ್ಪೆ ಹೊದ್ದ ಒಂದು ಮೊಗ್ಗು. ಮುಂದಿನ ವರ್ಷದ ಚಿಗುರು ಅದರೊಳಗಿದೆ. ಅದು ಈಗ ಹುಟ್ಟಿದ್ದಲ್ಲವಂತೆ. ಬೇಸಿಗೆಯಲ್ಲಿ ಹಳೆಯ ಎಲೆ ಹಸಿರಾಗಿದ್ದಾಗಲೇ ಅದರ ತೊಟ್ಟಿನ ಕಂಕುಳಲ್ಲಿ ಕಟ್ಟಿಕೊಂಡದ್ದು. ಮೊಗ್ಗನ್ನು ಇಟ್ಟುಕೊಂಡೇ ಎಲೆ ಹಣ್ಣಾದದ್ದು, ಉದುರಿದ್ದು. ಅದರ ಫೋಟೋ ತೆಗೆದು ಅತ್ತೆಯವರಿಗೆ ಕಳಿಸಿದೆ. “ಹೂಂ, ಬಸುರಿ ಕೊಂಬೆ” ಅಂದರು. ಅಷ್ಟೇ.

ಜನವರಿ ಕೊನೆಗೆ ವಾಪಸು ಬಂದೆ. 2025ರ ಮಾರ್ಚಿನಲ್ಲಿ, ಯುಗಾದಿಗೆ ಮುಂಚೆ, ಧರ್ಮಸ್ಥಳಕ್ಕೆ ಹೊರಟಾಗ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಕಾಡಿನ ತುಂಬ ಅಲ್ಲಲ್ಲಿ ಕೆಂಪು! ಎಷ್ಟು ಸಲ ಹೋದ ದಾರಿ ಅದು. ನಾಗಸಂಪಿಗೆ ಮರ ರಕ್ತಗೆಂಪಾಗಿ ನಿಂತಿದೆ. ಆದರೆ ಹಣ್ಣೆಲೆಯಲ್ಲ, ಎಲ್ಲ ಎಳೆ ಚಿಗುರು. ಹಸಿರು ಇನ್ನೂ ಕೂಡದ ಎಳೆಯ ಎಲೆಗೆ ಅದೇ ಆಂಥೊಸಯನಿನ್ ಬಣ್ಣ. ಬಿಸಿಲಿನ ಝಳದಿಂದ, ಹುಳುಗಳಿಂದ ಎಳೆ ಎಲೆಯನ್ನು ಅದು ಕಾಯುತ್ತದೆ ಎಂದು ತಿಳಿದವರ ಅಂದಾಜು. ಅಲ್ಲಿ ಹೋಗುವ ಎಲೆ ಕೆಂಪು, ನಮ್ಮಲ್ಲಿ ಬರುವ ಎಲೆ ಕೆಂಪು.

ನಮ್ಮ ಮಕ್ಕಳ ಪುಸ್ತಕದಲ್ಲಿ ಇಂಗ್ಲಿಷಿನ ಆಟಮ್ ಎಂದರೆ ಶರದೃತು ಎಂದು ಬರೆದಿರುತ್ತದೆ. ನಮ್ಮ ಶರತ್ತು ಆಶ್ವಯುಜ, ಕಾರ್ತೀಕ. ಮಳೆ ಮುಗಿದು ಎಲ್ಲೆಲ್ಲೂ ಹಸಿರು, ಆಯುಧಪೂಜೆಯ ಚೆಂಡುಹೂವು. ಎಲೆ ಉದುರುವುದು ಅದಾದ ಮೇಲೆ ಶಿಶಿರದಲ್ಲಿ, ಮಾಘ ಫಾಲ್ಗುಣದಲ್ಲಿ, ಅದೂ ಚಳಿಗೆ ಹೆದರಿ ಅಲ್ಲ, ನೆಲದ ನೀರು ಆರಿದ್ದಕ್ಕೆ. ನಮಗೂ ಹಣ್ಣೆಲೆಯ ಕೆಂಪು ಬೇಕೆಂದರೆ ಬಾದಾಮಿ ಮರ ನೋಡಿ. ಶಾಲೆಯ ಅಂಗಳದಲ್ಲಿ, ಆಸ್ಪತ್ರೆಯ ಆವರಣದಲ್ಲಿ ಕೊಡೆ ಬಿಚ್ಚಿದ ಹಾಗೆ ನಿಂತಿರುತ್ತದಲ್ಲ, ಅದು. ಅದರ ಅಗಲ ಎಲೆ ಉದುರುವ ಮೊದಲು ಮೇಪಲ್ಲಿಗೆ ಸಾಟಿಯಾಗಿ ಕೆಂಪಾಗುತ್ತದೆ. ನಾವು ಅದನ್ನು ಕಸ ಎಂದು ಗುಡಿಸುತ್ತೇವೆ. ಈ ಸಲ ಗುಡಿಸುವ ಮುಂಚೆ ಒಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ. ಮಾವಿನ ಎಳೆ ಎಲೆಯ ತಾಮ್ರದ ಬಣ್ಣ ನೋಡಿ. ಹೊಂಗೆ ಎಲೆಯೆಲ್ಲ ಉದುರಿಸಿ ವಾರದೊಳಗೆ ಥಳಥಳ ಹೊಳೆಯುವುದನ್ನು ನೋಡಿ.

ಮಗಳು ಇನ್ನೂ ಬಂದಿಲ್ಲ. ಮನೆ ಕೊಂಡದ್ದಾಯಿತು, ಗೃಹಪ್ರವೇಶವನ್ನು ಫೋನಿನಲ್ಲೇ ನೋಡಿದೆವು. ವೀಸಾ ಮುದ್ರೆಯ ತಾಪತ್ರಯ, ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಪ್ರಯಾಣ ಎರಡು ಸಲ ಮುಂದಕ್ಕೆ ಹೋಗಿದೆ. ಅತ್ತೆಯವರು ದಿನಾ ಬೆಳಿಗ್ಗೆ ಗುಡಿಯ ಪಕ್ಕದ ಅರಳಿಕಟ್ಟೆಯವರೆಗೆ ಕೋಲೂರಿಕೊಂಡು ಹೋಗಿ ಬರುತ್ತಾರೆ. ಮೊನ್ನೆ ಫೋನಿನಲ್ಲಿ ಮಗಳಿಗೆ ಅವರೇ ಹೇಳಿದರು: “ಯಾವಾಗಾದ್ರೂ ಬಾ ಮಗಳೇ, ಆದ್ರೆ ಶಿವರಾತ್ರಿ ಕಳೆದ ಮೇಲೆ ಬಾ. ಅರಳಿ ಎಳೆ ಎಲೆ ಆಗ ನಿನ್ನ ಕೂಸಿನ ಅಂಗೈ ಹಂಗೇ ಇರುತ್ತೆ. ತೋರಿಸ್ತೀನಿ.”

ಟಿಕೆಟ್ಟು ನೋಡುತ್ತಿದ್ದೇನೆ ಎಂದು ಮಗಳು ಹೇಳಿದ್ದಾಳೆ. ನಾನು ಮೆಂತ್ಯದ ಹಿಟ್ಟಿಗೆ ಹುರಿದಿಟ್ಟುಕೊಳ್ಳುತ್ತಿದ್ದೇನೆ.